ಶಿಕ್ಷೆ ಬೇಡಿ ಬಂದ ತಾಯಿ

“ನನ್ನ ಮಗಳಿಗೆ ಶಿಕ್ಷೆ ಕೊಡಿ ಟೀಚರ್” ಎಂದು ಆ ಹೆಂಗಸು ಕೈಮುಗಿದಳು. ಬೀದರಿನಿಂದ ಮೂಡಿಗೆರೆಯ ಬಾಳೂರು ಕಡೆಯ ಶಾಲೆಗೆ ನಾನು ಬಂದು ಇನ್ನೂ ವಾರ ಕಳೆದಿರಲಿಲ್ಲ. ಪಕ್ಕದಲ್ಲಿದ್ದ ಪುಟ್ಟ ಹುಡುಗಿ ಯಾರೂ ಹೇಳದೆಯೇ ಹೋಗಿ ಜಗಲಿಯಲ್ಲಿ ಮಂಡಿಯೂರಿ ಕೂತಳು.

“ಏನು ತಪ್ಪು ಮಾಡಿದ್ದಾಳೆ?” ಎಂದೆ. ತಾಯಿಗೆ ಬರುತ್ತಿದ್ದ ಕನ್ನಡ ಆ ಒಂದು ಮಾತಷ್ಟೇ. ನಮ್ಮ ಬೀದರಿನಲ್ಲಿ ಹಿಂದಿ ಆಡದವರು ಕಡಿಮೆ, ಹಿಂದಿಯಲ್ಲೇ ಕೇಳಿದೆ. ಹೆಸರು ಮಿನತಿ, ಊರು ಅಸ್ಸಾಮು, ಈಗಿರುವುದು ಕಾಫಿ ತೋಟದ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ. ಅವಳ ಭಾಷೆಯಲ್ಲೂ ಹಿಂದಿಯಲ್ಲೂ ಶಿಕ್ಷಾ ಎಂದರೆ ವಿದ್ಯೆ. ಮಗಳನ್ನು ಓದಿಸಿ ಎಂದು ಅವಳು ಬೇಡಿದ್ದಳು. ಶಾಲೆಯವರು ಹುಡುಗಿಯನ್ನು ಮಂಡಿಯೂರಿಸಿದ್ದರು. ಈ ಸೀಮೆಯಲ್ಲಿ ಓದು ಶುರುವಾಗುವುದೇ ಹೀಗೇನೋ ಎಂದುಕೊಂಡು ಮಿನತಿ ದಿನಾ ಕರೆತರುತ್ತಿದ್ದಳು.

ನನ್ನ ಮೈ ಉರಿಯಿತು. ಹಿರಿಯ ಮೇಷ್ಟರನ್ನು ಕೇಳಿದೆ.

“ಅವಳೇ ಕೇಳಿದ್ದಲ್ವ ಟೀಚರೇ” ಎಂದು ನಕ್ಕರು. “ತಮಾಷೆಗೆ ಕೂರಿಸಿದ್ವಿ. ಕೊಯ್ಲು ಮುಗಿದ್ರೆ ಹೇಗೂ ಹೊರಟುಹೋಗ್ತಾರೆ.”

“ನಮ್ಮನ್ನ ಶಿಕ್ಷಕರು ಅಂತಾರಲ್ಲ ಸಾರ್, ಹೊಡೆಯೋರು ಅಂತ ಅರ್ಥನಾ?”

ಸಂಸ್ಕೃತದಲ್ಲಿ ಶಿಕ್ಷಾ ಎಂಬ ಪದ ಹುಟ್ಟಿದ್ದೇ ಬಲ್ಲವನಾಗಬೇಕೆಂಬ ಆಸೆಯಿಂದ. ಕಲಿಸುವುದರ ಜೊತೆ ತಿದ್ದುವುದು ಸೇರಿತು, ತಿದ್ದುವುದರ ಜೊತೆ ಬೆತ್ತ ಸೇರಿತು. ಕನ್ನಡ, ಮರಾಠಿ, ತೆಲುಗಿನ ಶಿಕ್ಷೆಯಲ್ಲಿ ಈಗ ಉಳಿದಿರುವುದು ಬೆತ್ತ ಮಾತ್ರ. ಇದನ್ನೆಲ್ಲ ಹೇಳಿದೆ.

“ನೀವು ಹೊರಗಿನವ್ರು, ನಿಧಾನಕ್ಕೆ ಗೊತ್ತಾಗುತ್ತೆ” ಎಂದರು ಅವರು.

ಹುಡುಗಿಯನ್ನು ಎಬ್ಬಿಸಿ ನನ್ನ ತರಗತಿಯಲ್ಲಿ ಮುಂದೆ ಕೂರಿಸಿದೆ. ಇಲ್ಲಿ ಆ ಮಾತಿಗೆ ಏನರ್ಥ ಎಂದು ಮಿನತಿಗೆ ಹೇಳಲೇಬೇಕಾಯಿತು. ಅವಳು ಮಗಳ ಮಂಡಿಗೆ ಅಂಟಿದ ಮಣ್ಣು ಒರೆಸಿ, “ನಾನೇ ಕೈಹಿಡಿದು ತಂದೆನಲ್ಲ” ಎಂದಳು. ಮೇಷ್ಟರ ಮೇಲಿನ ಸಿಟ್ಟಿಗಿಂತ ಆ ಮಾತು ಕೇಳಿದಾಗ ಬಂದ ಸಿಟ್ಟು ದೊಡ್ಡದು. ಅದು ಇವತ್ತಿಗೂ ಆರಿಲ್ಲ.

ಆ ಹುಡುಗಿ ಈಗ ಕನ್ನಡ ಓದುತ್ತಾಳೆ. ನನ್ನ ಬೀದರ ಮಾತಿಗೆ ಇಲ್ಲಿ ಇನ್ನೂ ನಗುತ್ತಾರೆ. ನಮ್ಮೂರಿನ ಬಿಸಿಲು, ಜೋಳದ ರೊಟ್ಟಿ ನೆನೆದು ರಜೆಗೆ ಬೀದರಿಗೆ ಓಡಿದೆ. ಊಟದ ಹೊತ್ತಿಗೆ ಮಿನತಿಯ ವಿಷಯ ಹೇಳಿದೆ. ಕೈಯಲ್ಲಿ ತುತ್ತು ಹಿಡಿದೇ ಅಣ್ಣ ಬಿದ್ದು ಬಿದ್ದು ನಕ್ಕ.

“ನಗೋದು ಏನದ ಇದರಾಗ?” ಎಂದೆ.

“ನೀ ಅಲ್ಲಿಯಾಕಿನೇ ಆಗಿಬಿಟ್ಟಿ ನೋಡವ್ವ” ಎಂದ.

ಅರ್ಧಕ್ಕೇ ಎದ್ದು ಕೈ ತೊಳೆದೆ. ರಜೆ ಇನ್ನೂ ಉಳಿದಿತ್ತು. ಮರುದಿನವೇ ಮೂಡಿಗೆರೆಗೆ ಹೊರಟೆ. ಅಲ್ಲಿ ನನಗಾಗಿ ಕಾಯುವವರು ಇದ್ದಾರೆಂದೇನಲ್ಲ.