ಓಣಿಯ ಪರವಾಗಿ ವಕೀಲಮ್ಮ

ಗುಜರಿ ಶೆಡ್ಡಿನಲ್ಲಿ ಬಾಟಲಿ ಬೇರೆ ಮಾಡುವ ವಕೀಲಮ್ಮನಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಮನುಷ್ಯರ ಮಾತು ಬಿಡಿ, ಬಾಟಲಿಯ ಮೇಲೂ ಇರಲಿಲ್ಲ. ಬೇರೆ ಹೆಂಗಸರು ಬಣ್ಣ ನೋಡಿ ಚೀಲಕ್ಕೆ ಎಸೆದರೆ ಇವಳು ಮುಚ್ಚಳ ತಿರುಗಿಸಿ, ಒಳಗೆ ಮೂಗಿಟ್ಟು, ಒಂದು ಸಲ ಹಿಂಡಿ, ಅದರ ಸದ್ದು ಕೇಳಿ, ಆಮೇಲೆ ಎಸೆಯುತ್ತಿದ್ದಳು. "ಅದೇನೇ, ನಿನ್ನ ಕಚ್ಚುತ್ತಾ?" ಎಂದು ಪಕ್ಕದವಳು ರೇಗಿಸಿದರೆ, "ಕಚ್ಚಿದ ಮೇಲೆ ಔಷಧಿ ಹಚ್ಚೋಕೆ ನೀನು ಬರ್ತೀಯಾ?" ಅನ್ನುತ್ತಿದ್ದಳು. ಕೋರ್ಟಿನ ಮೆಟ್ಟಿಲು ಹತ್ತಿದವಳಲ್ಲ, ಓದಿದವಳಂತೂ ಅಲ್ಲವೇ ಅಲ್ಲ. ಬಾಯಿಯ ಜೋರಿಗೆ ಓಣಿಯವರು ಇಟ್ಟ ಹೆಸರು ಅದು. ಇಟ್ಟವರು ಯಾರು ಅಂತ ಅವಳು ಇನ್ನೂ ಹುಡುಕುತ್ತಿದ್ದಳು.

ಓಣಿ ಅಂದರೆ ಶೆಡ್ಡಿನ ಹಿಂಗೋಡೆಗೆ ಅಂಟಿಕೊಂಡ ತಗಡಿನ ಮನೆಗಳ ಸಾಲು. ಅಲ್ಲೊಂದು ಕಟ್ಟುಪಾಡು. ಹೊರಗಿನವರು ಯಾರೇ ಬಂದು ಏನೇ ಕೇಳಲಿ, ಯಾರೂ ಬಾಯಿ ಬಿಡಬಾರದು, ವಕೀಲಮ್ಮನ ಮನೆ ತೋರಿಸಬೇಕು. ಇಡೀ ಓಣಿಯ ಪರವಾಗಿ ಉತ್ತರ ಹೇಳುವವಳು ಅವಳೊಬ್ಬಳೇ. ಉತ್ತರವೂ ಒಂದೇ: ಎಲ್ಲರೂ ಚೆನ್ನಾಗಿದ್ದೀವಿ, ಹೋಗಿ ಬನ್ನಿ.

ಇದು ಸುಮ್ಮನೆ ಹುಟ್ಟಿದ ಕಟ್ಟುಪಾಡಲ್ಲ. ಕೆಲವು ವರ್ಷಗಳ ಹಿಂದೆ ಇಸ್ತ್ರಿ ಅಂಗಿಯ ಇಬ್ಬರು ಬಂದು, ಬೆಣ್ಣೆಯಂಥ ಮಾತಾಡಿ, ಮನೆಮನೆಯಲ್ಲಿ ಯಾರಿಗೆ ಏನು ಕಾಯಿಲೆ ಅಂತ ಕೇಳಿದ್ದರು. ಹಳೆಬಟ್ಟೆ ಮಾರುವ ಅಜ್ಜಿ, ಪಾಪ, ತನ್ನ ಮಗ ನಲ್ಲಿಯ ಹತ್ತಿರ ಕೂತು ಒಬ್ಬನೇ ಮಾತಾಡಿಕೊಳ್ಳುತ್ತಾನೆ ಅಂತ ಹೇಳಿಬಿಟ್ಟಳು. ಇರುವೆಗೂ ಕೇಡು ಬಯಸದ ಹುಡುಗ. ಆಮೇಲೊಂದು ದಿನ ವ್ಯಾನು ಬಂತು, ಚಿಕಿತ್ಸೆಗೆ ಅಂತ ಹತ್ತಿಸಿಕೊಂಡು ಹೋಯಿತು. ಹೋದವನು ಹೋದ. ಅಜ್ಜಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದಳು. ಎಲ್ಲ ಕಡೆಯೂ "ಇಲ್ಲಿಲ್ಲಮ್ಮಾ, ಅಲ್ಲಿ ಕೇಳಿ" ಅಂದರು. ಆ "ಅಲ್ಲಿ" ಎಲ್ಲಿ ಅಂತ ಅವಳಿಗೆ ಇವತ್ತಿಗೂ ಗೊತ್ತಾಗಿಲ್ಲ.

ಈಗ ವಕೀಲಮ್ಮನ ಮನೆಯ ಸಂಗತಿ. ಅವಳಿಗೆ ಇದ್ದದ್ದು ಒಬ್ಬಳೇ ತಂಗಿ. ಇಸ್ತ್ರಿ ಅಂಗಡಿಯಲ್ಲಿ ಕೆಲಸ, ಬಾಯಿ ತುಂಬ ನಗು. ಅಕ್ಕನ ಅನುಮಾನಗಳನ್ನೆಲ್ಲ ನಟಿಸಿ ತೋರಿಸಿ ಓಣಿಯನ್ನು ನಗಿಸುತ್ತಿದ್ದಳು. ಅಂಥವಳು ಇದ್ದಕ್ಕಿದ್ದಂತೆ ಮಂಕಾದಳು. ಮೊದಮೊದಲು ತಡವಾಗಿ ಏಳುತ್ತಿದ್ದಳು, ಆಮೇಲೆ ಏಳುವುದನ್ನೇ ಬಿಟ್ಟಳು. ಗೋಡೆ ಕಡೆ ಮುಖ ಮಾಡಿ ಮಲಗಿದರೆ ಮಲಗಿದಳು. ತುತ್ತು ಬಾಯಿಗಿಟ್ಟರೆ ಜಗಿಯುವುದು, ಇಡದಿದ್ದರೆ ಅದೂ ಇಲ್ಲ.

ಯಾರೋ ಏನೋ ಮಾಡಿದ್ದಾರೆ! ವಕೀಲಮ್ಮನಿಗೆ ಬೇರೆ ಯೋಚನೆಯೇ ಬರಲಿಲ್ಲ. ಇಸ್ತ್ರಿ ಅಂಗಡಿಗೆ ನುಗ್ಗಿ ಮಾಲೀಕನನ್ನು ಗೋಡೆಗೆ ಒತ್ತರಿಸಿ, "ನನ್ನ ತಂಗಿಗೆ ಏನಂದೆ ಬೊಗಳು" ಅಂದಳು. "ತಾಯೀ, ಕೆಲಸ ಚೆನ್ನಾಗಿ ಮಾಡ್ತೀಯಮ್ಮ ಅಂದೆ, ಅಷ್ಟೇ!" ಎಂದು ಅವನು ಕೈಮುಗಿದ. ಇಂದಿನ ಕಾಲದಲ್ಲಿ ಯಾವ ಮಾಲೀಕ ಹಾಗನ್ನುತ್ತಾನೆ? ಅವಳ ಅನುಮಾನ ಇನ್ನೂ ಗಟ್ಟಿಯಾಯಿತು. ಜೊತೆ ಕೆಲಸದವಳನ್ನು ತಡೆದು ಕೇಳಿದಳು, ಬಾಡಿಗೆ ವಸೂಲಿಗೆ ಬರುವ ಮನೆ ಮಾಲೀಕನನ್ನು ಜಾಲಾಡಿದಳು, ಕೊನೆಗೆ ನಲ್ಲಿ ನೀರನ್ನೂ ಮೂಸಿ ನೋಡಿದಳು. ತಂಗಿ ಮಾತ್ರ ಏನು ಕೇಳಿದರೂ ತಲೆಯಾಡಿಸುತ್ತಿದ್ದಳು. ಹೌದೋ ಅಲ್ಲವೋ ತಿಳಿಯುತ್ತಿರಲಿಲ್ಲ.

ಕಳ್ಳ ಸಿಗಲಿಲ್ಲ ಅಂದಮೇಲೆ ಕಾವಲಾದರೂ ಬೇಡವೇ? ತಂಗಿ ಬೇರೆ ಊರಿನಲ್ಲಿ ಕೆಲಸಕ್ಕೆ ಸೇರಿದ್ದಾಳೆ ಅಂತ ಓಣಿಗೆಲ್ಲ ಸಾರಿದಳು. ಕೆಲಸಕ್ಕೆ ಹೋಗುವಾಗ ಬಾಗಿಲಿಗೆ ಹೊರಗಿನಿಂದ ಬೀಗ ಹಾಕಿದಳು. ಬೀಗ ಹಾಕಿದ ಮನೆಯಲ್ಲಿ ಜನ ಇಲ್ಲ, ಜನ ಇಲ್ಲದ ಕಡೆ ವ್ಯಾನು ಬರುವುದಿಲ್ಲ. ಅವಳ ಲೆಕ್ಕ ಇಷ್ಟೇ. ತಂಗಿ ಬೀಗದೊಳಗಿದ್ದರೂ ಸರಿ, ಕಣ್ಣೆದುರಿಗೆ ಉಳಿದರೆ ಸಾಕು ಅಂತ ಅವಳ ಜೀವ ಹಂಬಲಿಸುತ್ತಿತ್ತು.

ಇಂಥ ಹೊತ್ತಿನಲ್ಲಿ ಪ್ರಶ್ನೆ ಕೇಳುವ ಹುಡುಗಿಯೊಬ್ಬಳು ಬಂದಳು. ಹತ್ತಿರದ ಆರೋಗ್ಯ ಕೇಂದ್ರದಿಂದ, ಏನೋ ಅಧ್ಯಯನವಂತೆ. ಓಣಿಯವರು ಎಂದಿನಂತೆ ಬೆರಳು ತೋರಿಸಿದರು. ಆಗತಾನೆ ಶೆಡ್ಡಿನಿಂದ ಬಂದಿದ್ದ ವಕೀಲಮ್ಮ ಹೊಸ್ತಿಲಿಗೆ ಅಡ್ಡವಾಗಿ ಕೂತಳು. ಹಿಂದೆ ಪರದೆ, ಪರದೆಯ ಹಿಂದೆ ತಂಗಿ.

"ಅಕ್ಕಾ, ಇಲ್ಲಿಯವರಿಗೆ ನಿದ್ದೆ ಸರಿಯಾಗಿ ಬರುತ್ತಾ?"

"ಬಂದ್ರೆ ಎಬ್ಬಿಸೋದೇ ಕಷ್ಟ."

"ಏನಾದ್ರೂ ಚಿಂತೆ, ಬೇಜಾರು?"

"ಅದಕ್ಕೆಲ್ಲ ಪುರುಸೊತ್ತು ಬೇಕಮ್ಮಾ. ನಿಮ್ಮಂಥವರಿಗೆ ಇರುತ್ತೆ."

ಹುಡುಗಿ ನಕ್ಕಳು. ನಗುವವರನ್ನು ವಕೀಲಮ್ಮ ಇನ್ನೂ ಎರಡು ಪಟ್ಟು ಅನುಮಾನದಿಂದ ನೋಡುತ್ತಿದ್ದಳು.

"ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಕೇಳಬೇಕಿತ್ತು ಅಕ್ಕಾ. ನೀವು ಎಲ್ಲರ ಉತ್ತರ ಹೇಳಿದ್ರೆ ನಾನು ಬರಕೊಳ್ಳೋ ಹಾಗಿಲ್ಲ. ಹೋಗಲಿ, ಇದೊಂದು ಕೇಳ್ತೀನಿ. ಬದುಕಿರೋದಕ್ಕಿಂತ ಸತ್ತರೇ ವಾಸಿ ಅಂತ ಯಾರಿಗಾದ್ರೂ ಅನಿಸಿದ್ದುಂಟಾ?"

"ಥೂ, ಬಿಡ್ತು ಅನ್ನು! ಸಂಜೆ ಹೊತ್ತಲ್ಲಿ ಎಂಥ ಮಾತು. ಇಲ್ಲಿ ಯಾರಿಗೂ ಅನಿಸಿಲ್ಲ."

"ನನಗೆ ಅನಿಸುತ್ತೆ," ಎಂದಿತು ಪರದೆಯ ಹಿಂದಿನ ದನಿ.

ವಕೀಲಮ್ಮ ಗಕ್ಕನೆ ಪರದೆಯ ಕಡೆ ತಿರುಗಿದಳು. ತಿಂಗಳುಗಟ್ಟಲೆ ತಾನು ಕಾಡಿ ಬೇಡಿದರೂ ಹೊರಡದ ಮಾತು ಯಾವಳೋ ಗುರುತಿಲ್ಲದವಳು ಕೇಳಿದ ಕೂಡಲೇ ಹೊರಬಿತ್ತಲ್ಲ! ಮೊದಲು ಭಯ, ಹಿಂದೆಯೇ ಹೊಟ್ಟೆಕಿಚ್ಚು. ಅವಳು ಎದ್ದು ನಿಂತು ಹುಡುಗಿಯ ರಟ್ಟೆ ಹಿಡಿದಳು. "ಏನೂ ಕೇಳಿಸಿಕೊಂಡಿಲ್ಲ ನೀನು. ಇಲ್ಲಿಂದ ಕಾಲು ಕೀಳು."

ಹುಡುಗಿ ಪೆನ್ನನ್ನು ಚೀಲಕ್ಕೆ ಹಾಕಿದಳು. "ಬರಕೊಳ್ಳಲ್ಲ ಅಕ್ಕಾ. ಆದ್ರೆ ಡಾಕ್ಟರಮ್ಮನಿಗೆ ಹೇಳಲೇಬೇಕು. ಇದು ಸುಮ್ಮನೆ ಬಿಡೋ ಮಾತಲ್ಲ. ಇದಕ್ಕೆ ಔಷಧಿ ಇದೆ, ಇಲ್ಲೇ ಕೇಂದ್ರದಲ್ಲೇ ಕೊಡ್ತಾರೆ. ಯಾರೂ ಎಲ್ಲಿಗೂ ಕರ್ಕೊಂಡು ಹೋಗಲ್ಲ."

"ಹಿಂದೆ ಬಂದವರೂ ಹೀಗೇ ಅಂದಿದ್ರು. ನಮ್ಮ ಕಷ್ಟ ಕೇಳಿಕೊಂಡು ಹೋಗಿ ನೀವು ಪುಸ್ತಕ ಮಾಡ್ತೀರಿ. ನಮಗೇನು ಸಿಗುತ್ತೆ?"

"ನಿಮ್ಮಂಥ ಓಣಿಗಳಲ್ಲಿ ಮನಸ್ಸಿನ ಕಾಯಿಲೆಗೆ ಸಣ್ಣ ಕೇಂದ್ರದಲ್ಲೇ ಚಿಕಿತ್ಸೆ ಕೊಡೋಕಾಗುತ್ತಾ ಅಂತ ನೋಡ್ತಿದ್ದಾರೆ. ಅಧ್ಯಯನ ಮುಗಿದ ಮೇಲೂ ಕೊಡ್ತಾರಾ ಅಂದ್ರೆ... ನನಗೆ ಗೊತ್ತಿಲ್ಲ ಅಕ್ಕಾ."

ಗೊತ್ತಿಲ್ಲ ಅಂದವರನ್ನು ವಕೀಲಮ್ಮ ಜೀವಮಾನದಲ್ಲಿ ನೋಡಿರಲಿಲ್ಲ. ಇದೂ ಒಂದು ಹೊಸ ನಾಟಕವೇ ಇರಬೇಕು ಅಂದುಕೊಂಡಳು.

ಮರುದಿನ ಮಂಡಿನೋವು ಅಂತ ಸುಳ್ಳು ಹೇಳಿ ಕೇಂದ್ರಕ್ಕೆ ಹೋದಳು. ಕುಂಟುತ್ತಾ ಸಾಲಿನಲ್ಲಿ ಕೂತು, ಮೈಯೆಲ್ಲ ಕಣ್ಣಾಗಿ, ಯಾರು ಒಳಗೆ ಹೋದರು, ಅವರೇ ಹೊರಗೆ ಬಂದರೋ ಅಂತ ನೋಡಿದಳು. ಹೋದವರೆಲ್ಲ ಬಂದರು. ಹಾಗಾದರೆ ಹಿಂಬಾಗಿಲು ಇರಬೇಕು! ಕುಂಟುವುದನ್ನು ಮರೆತು ದಡದಡ ಹಿತ್ತಲಿಗೆ ನಡೆದಳು. ಅಲ್ಲಿ ಕಾಲು ಮುರಿದ ಕುರ್ಚಿಗಳು, ಒಣಹಾಕಿದ ಹೊದಿಕೆ, ಮಲಗಿದ್ದ ಬೆಕ್ಕು. ವ್ಯಾನು ಇರಲಿಲ್ಲ. "ಮಂಡಿ ಚೆನ್ನಾಗೇ ಓಡ್ತಿದೆಯಲ್ಲ," ಎಂದಿತು ಹಿಂದಿನಿಂದೊಂದು ದನಿ. ಡಾಕ್ಟರಮ್ಮ. "ನೀವು ಪರದೆ ಮನೆಯವರಾ? ನಾನೇ ಸಂಜೆ ಬರೋಳಿದ್ದೆ."

ಬಂದರು, ನಡೆದುಕೊಂಡೇ ಬಂದರು. ತಂಗಿಯ ಹತ್ತಿರ ಕೂತು, "ಅಮ್ಮಾ, ನೀವು ಸ್ವಲ್ಪ ಹೊರಗಿರಿ," ಅಂದರು. ತನ್ನ ಮನೆಯಿಂದ ತನ್ನನ್ನೇ ಹೊರಗೆ ಹಾಕುವುದೇ! ವಕೀಲಮ್ಮ ಉರಿದುಬಿದ್ದು ಹೊರಗೆ ಬಂದು ತಗಡಿಗೆ ಕಿವಿ ಹಚ್ಚಿದಳು. ಒಳಗೆ ತಂಗಿ ಮಾತಾಡುತ್ತಿದ್ದಳು. ಏನೆಂದು ಕೇಳಿಸುತ್ತಿರಲಿಲ್ಲ, ಆದರೆ ಮಾತಾಡುತ್ತಿದ್ದಳು, ನಡುನಡುವೆ ಬಿಕ್ಕುತ್ತಿದ್ದಳು. ಅಕ್ಕನಿಗೆ ಅಲ್ಲೇ ಕುಸಿದು ಕೂತು ಅಳಬೇಕು ಅನ್ನಿಸಿತು. ಅತ್ತರೆ ಓಣಿ ನೋಡುತ್ತದಲ್ಲ ಅಂತ ನುಂಗಿಕೊಂಡಳು.

ಡಾಕ್ಟರಮ್ಮ ಹೊರಗೆ ಬಂದು ಹೇಳಿದ್ದು ಇಷ್ಟು. ಯಾರೂ ಏನೂ ಮಾಡಿಲ್ಲ, ಇದು ಕಾಯಿಲೆ. ಮಾತ್ರೆ ನಿಧಾನಕ್ಕೆ ಹಿಡಿಯುತ್ತದೆ. ಮಾತ್ರೆ ಅಕ್ಕನ ಹತ್ತಿರವೇ ಇರಬೇಕು, ವಾರಕ್ಕೊಮ್ಮೆ ಪ್ರಶ್ನೆ ಹುಡುಗಿ ಬಂದು ಮಾತಾಡಿಸುತ್ತಾಳೆ. ಹಗಲು ಅವಳನ್ನು ಒಬ್ಬಳೇ ಬಿಡಬಾರದು, ಯಾರಾದರೂ ಜೊತೆಗಿರಬೇಕು. ಮತ್ತೆ, ಬೀಗ ಬೇಡ.

"ಬೀಗ ಇದ್ದದ್ದಕ್ಕೇ ಅವಳು ಉಳಿದಿದ್ದಾಳೆ," ಎಂದಳು ವಕೀಲಮ್ಮ.

"ಒಳಗೆ ಏನಾದ್ರೂ ಆದ್ರೆ ಯಾರು ಓಡಿ ಬರ್ತಾರಮ್ಮಾ?"

ವಕೀಲಮ್ಮ ಬೀಗವನ್ನು ಮಡಿಲಲ್ಲಿಟ್ಟುಕೊಂಡು ಇಡೀ ರಾತ್ರಿ ಕೂತೇ ಇದ್ದಳು.

ಬೆಳಿಗ್ಗೆ ಹಳೆಬಟ್ಟೆ ಅಜ್ಜಿಯ ಮನೆ ಮುಂದೆ ನಿಂತು, "ನನ್ನ ತಂಗಿ ಬೇರೆ ಊರಿಗೆ ಹೋಗಿಲ್ಲ ಅಜ್ಜೀ," ಅಂದಳು. "ಗೊತ್ತು ಬಿಡೆ," ಎಂದಳು ಅಜ್ಜಿ. ಗೊತ್ತಿತ್ತಂತೆ! ತಗಡಿನ ಗೋಡೆಯಾಚೆ ಯಾರಿದ್ದಾರೆ ಅಂತ ಅಕ್ಕಪಕ್ಕದವರಿಗೆ ಗೊತ್ತಾಗದೆ ಇರುತ್ತದೆಯೇ? ಇಡೀ ಓಣಿ ಬಾಯಿ ಮುಚ್ಚಿಕೊಂಡು ಅವಳ ಸುಳ್ಳನ್ನು ಕಾಪಾಡಿತ್ತು. ಅಜ್ಜಿ ಹಳೆ ಬಟ್ಟೆಗಳ ಗಂಟನ್ನು ಹೊತ್ತುಕೊಂಡೇ ಬಂದು ತಂಗಿಯ ಹಾಸಿಗೆ ಪಕ್ಕ ಕೂತು ಹೊಲಿಯತೊಡಗಿದಳು. "ವ್ಯಾನು ಬಂದ್ರೆ ನಾನು ಚಕ್ರದಡಿ ಮಲಗ್ತೀನಿ ಹೋಗು," ಅಂದಳು. ಆದರೂ ವಕೀಲಮ್ಮ ಅರ್ಧ ದಾರಿಯಿಂದ ವಾಪಸ್ಸು ಬಂದು, ಮುದುಕಿ ಚಿಲಕ ಗಿಲಕ ಹಾಕಿಕೊಂಡಿಲ್ಲ ತಾನೇ, ಯಾರನ್ನಾದರೂ ಕರೆಸಿಲ್ಲ ತಾನೇ ಅಂತ ಕಿಟಕಿಯಲ್ಲಿ ಇಣುಕಿ ಹೋದಳು.

ವಾರಗಳು ಕಳೆದವು. ತಂಗಿ ಎದ್ದು ಕೂರತೊಡಗಿದಳು. ಒಂದು ದಿನ ತಲೆ ಬಾಚಿಕೊಂಡಳು. ಮಾತ್ರೆಯ ಗುಣವೋ, ಅಜ್ಜಿಯ ವಟವಟವೋ, ಹುಡುಗಿಯ ಮಾತೋ ಯಾರಿಗೆ ಗೊತ್ತು. ವಕೀಲಮ್ಮ ಮಾತ್ರ ಖುಷಿಪಡಲು ಒಪ್ಪಲಿಲ್ಲ. ಖುಷಿಪಟ್ಟ ಗಳಿಗೆಯಲ್ಲೇ ಯಾರಾದರೂ ಕಣ್ಣಿಗೆ ಮಣ್ಣೆರಚಿದರೆ?

ಒಂದು ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದರೆ ಬಾಗಿಲು ಹಾರು ಹೊಡೆದಿದೆ. ಒಳಗೆ ಅಜ್ಜಿ ಗಂಟಿಗೊರಗಿ ಗೊರಕೆ ಹೊಡೆಯುತ್ತಿದ್ದಾಳೆ. ಹಾಸಿಗೆ ಖಾಲಿ.

ಮರುಕ್ಷಣ ವಕೀಲಮ್ಮ ಬೀದಿಯಲ್ಲಿ ಓಡುತ್ತಿದ್ದಳು. ಕೇಂದ್ರದ ಸಾಲನ್ನು ಸೀಳಿಕೊಂಡು ಒಳಗೆ ನುಗ್ಗಿ, "ಎಲ್ಲೇ ನನ್ನ ತಂಗಿ? ಎಲ್ಲಿಗೆ ಸಾಗಿಸಿದ್ರಿ?" ಎಂದು ಪ್ರಶ್ನೆ ಹುಡುಗಿಯ ಕೈ ಹಿಡಿದು ಅಲುಗಾಡಿಸಿದಳು. "ನಯವಾಗಿ ಮಾತಾಡಿ ಕತ್ತು ಕುಯ್ದ್ರಲ್ಲ! ನನಗೆ ಗೊತ್ತಿತ್ತು, ಮೊದಲ ದಿನವೇ ಗೊತ್ತಿತ್ತು!" ಹುಡುಗಿಯ ಮುಖ ಬಿಳಿಚಿತು. "ಇಲ್ಲಿಗೆ ಬಂದೇ ಇಲ್ಲ ಅಕ್ಕಾ," ಅಂದವಳೇ ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದಳು. ಆ ಬರಿಗಾಲು ನೋಡಿ ವಕೀಲಮ್ಮನ ಕೂಗು ನಿಂತಿತು. ಇವರು ಕರೆದೊಯ್ದಿಲ್ಲ. ಹಾಗಾದರೆ ಅವಳು ತಾನಾಗಿಯೇ... ಮುಂದಿನದನ್ನು ಯೋಚಿಸಲು ಧೈರ್ಯ ಸಾಲಲಿಲ್ಲ.

ಇಬ್ಬರೂ ನಲ್ಲಿ, ಇಸ್ತ್ರಿ ಅಂಗಡಿ, ರೈಲು ಹಳಿ ಎಲ್ಲ ಹುಡುಕಿದರು. ಶೆಡ್ಡಿನ ಜನರನ್ನಾದರೂ ಹುಡುಕಲು ಕರೆಯೋಣ ಅಂತ ವಕೀಲಮ್ಮ ಏದುಸಿರು ಬಿಡುತ್ತಾ ಅಲ್ಲಿಗೆ ಬಂದಳು. ಬಾಟಲಿ ರಾಶಿಯ ಮುಂದೆ, ತನ್ನ ಜಾಗದಲ್ಲಿ, ತಂಗಿ ಕೂತಿದ್ದಳು. ಮುಖ ಬೆವೆತಿತ್ತು. ಒಂದು ಬಾಟಲಿಯ ಮುಚ್ಚಳ ತೆಗೆಯಲು ಹೆಣಗುತ್ತಿದ್ದಳು.

"ಯಾರೇ ಕರ್ಕೊಂಡು ಬಂದ್ರು ನಿನ್ನ? ನಿಜ ಹೇಳು!"

"ನಾನೇ ಬಂದೆ. ಅಜ್ಜಿ ಮಲಗಿದ್ರು, ನಿನ್ನ ನೋಡಬೇಕು ಅನಿಸ್ತು."

ವಕೀಲಮ್ಮ ಅವಳನ್ನು ಬಾಚಿ ತಬ್ಬಿಕೊಂಡಳು. ಇಡೀ ಶೆಡ್ಡು ನೋಡುತ್ತಿದೆ ಅನ್ನುವುದೂ ನೆನಪಾಗದೆ ಜೋರಾಗಿ ಅತ್ತಳು. ಅಳುತ್ತಲೇ ಬೈದಳು. "ಮುಂಡೇದೇ, ಜೀವ ಹೋಗಿತ್ತು ಕಣೇ ನನ್ನದು. ಇಷ್ಟು ತಿಂಗಳು ಹಾಸಿಗೆ ಬಿಟ್ಟು ಏಳದೋಳು, ಇವತ್ತೊಂದೇ ದಿನ ಇಲ್ಲಿಯವರೆಗೆ ನಡೀಬೇಕು ಅನಿಸಿಬಿಡ್ತಾ?"

ತಂಗಿ ಅಕ್ಕನ ಹೆಗಲ ಮೇಲೆ ಮುಖವಿಟ್ಟು ಮೆಲ್ಲಗೆ ಹೇಳಿದಳು: "ಇದಕ್ಕೆ ಮುಂಚೆಯೂ ಎದ್ದಿದ್ದೆ ಅಕ್ಕಾ. ಒಂದೆರಡು ಸಲ ಬಾಗಿಲವರೆಗೂ ಬಂದಿದ್ದೆ. ಆಗ ಬೀಗ ಇತ್ತು."