ನಾಲ್ಕು ಬೆರಳು ಹುಲ್ಲು

ಕುರಿ ಕಾಯುವ ಮುದುಕನಿಗೆ ಊರಿಟ್ಟ ಹೆಸರು ನಾಲ್ಕು ಬೆರಳಜ್ಜ. ಹುಲ್ಲಿನ ಬುಡದಲ್ಲಿ ಬೆರಳು ಅಡ್ಡ ಹಿಡಿದು ನೋಡುತ್ತಾನೆ. ನಾಲ್ಕು ಬೆರಳಿಗಿಂತ ಗಿಡ್ಡವಾಯಿತೋ, ಮಂದೆಯನ್ನು ಆಚೆ ಗುಡ್ಡಕ್ಕೆ ಹೊಡೆದುಬಿಡುತ್ತಾನೆ.

"ಇನ್ನೂ ಇಷ್ಟು ಹುಲ್ಲಿದೆಯಲ್ಲ ಮಾವ, ಅಷ್ಟು ದೂರ ಯಾಕೆ ನಡೀಬೇಕು?" ಎಂದು ಸೊಸೆ ಗೊಣಗುತ್ತಿದ್ದಳು.

"ಉಳಿದಿದ್ದು ಕುರಿಗಲ್ಲಮ್ಮ, ಬೇರಿಗೆ."

ಹೋದ ವರ್ಷ ಅಜ್ಜ ಜ್ವರದಿಂದ ಮಲಗಿದಾಗ ಅವಳು ಹತ್ತಿರದ ಇಳಿಜಾರನ್ನೇ ಬುಡಮಟ್ಟ ಮೇಯಿಸಿದಳು. ಈ ವರ್ಷ ಮಳೆ ಚೆನ್ನಾಗಿಯೇ ಬಂತು. ಸುತ್ತಲೂ ಮೊಣಕಾಲುದ್ದ ಹುಲ್ಲು, ಆ ಇಳಿಜಾರು ಮಾತ್ರ ಬೋಳು ಬೋಳು. ಅಜ್ಜನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಆದರೂ ಸೊಸೆಯ ಸಪ್ಪೆ ಮುಖ ನೋಡಿ ಮಂದೆಯನ್ನು ಆಚೆ ಗುಡ್ಡಕ್ಕೆ ಹೊಡೆದ.

ನಿನ್ನೆ ಅವಳು ಹುಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳನ್ನೂ ಸೇರಿಸಿ ಅಳೆಯುತ್ತಿದ್ದಳು.

"ಐದು ಯಾಕಮ್ಮ?"

"ನನ್ನ ಬೆರಳು ನಿಮ್ಮದಕ್ಕಿಂತ ಸಣ್ಣ ಅಲ್ವಾ, ಮಾವ?"