ಕೊನೆಯ ಕಟ್ಟು

ನಮ್ಮ ಮೇಷ್ಟ್ರ ಕರೀ ಕೋಟಿನ ಎದೆಯ ಮೇಲೆ ಯಾವಾಗಲೂ ಒಂದು ದಬ್ಬಳ ಚುಚ್ಚಿಕೊಂಡಿರುತ್ತಿತ್ತು. ಗೋಣಿಚೀಲ ಹೊಲಿಯುವ ದಪ್ಪ ಸೂಜಿ. ಅದರ ಕಣ್ಣಿನಿಂದ ಗೇಣುದ್ದದ ಹುರಿ ಇಳಿಬಿದ್ದು ಅವರು ನಡೆದಾಗಲೆಲ್ಲ ತೂಗಾಡುತ್ತಿತ್ತು. ಅವರು ನಡೆಯದೆ ನಿಂತದ್ದನ್ನು ನಾನು ಕಂಡದ್ದೇ ಕಡಿಮೆ. ಅಜ್ಜಂಪುರದ ನಮ್ಮ ಸ್ಕೂಲಿನಲ್ಲಿ ಅವರಿಗೆಂದು ಒಂದು ಕುರ್ಚಿಯಿತ್ತು. ಅದರ ಮೇಲೆ ಅವರ ಪೇಟ ಕೂತಿರುತ್ತಿತ್ತೇ ಹೊರತು ಅವರು ಕೂತವರಲ್ಲ. ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಹಲಗೆಗೆ, ಹಲಗೆಯಿಂದ ಹಿಂದಿನ ಬೆಂಚಿಗೆ. ನೋಡುವ ನಮಗೇ ಕಾಲು ನೋಯುತ್ತಿತ್ತು.

ಮಹಾರಾಜರ ಕಾಲದ ಲೋವರ್ ಸೆಕೆಂಡರಿ ತರಗತಿ ನಮ್ಮದು. ಪರೀಕ್ಷೆಗೆ ಬೇಕಾದದ್ದು ಬಿಟ್ಟು ಬೇರೆ ಏನಾದರೂ ಓದಿದರೆ ಹುಡುಗ ಪೋಲಿ ಬಿದ್ದ ಅಂತಲೇ ಮನೆಗಳಲ್ಲಿ ನಂಬಿಕೆ. ತೆಂಗಿನ ತೋಟದ ನಮ್ಮಪ್ಪನಿಗೆ ಮಗ ಪಾಸಾಗಿ ಅಮಲ್ದಾರರ ಕಚೇರಿಯಲ್ಲಿ ಗುಮಾಸ್ತನಾದರೆ ಸಾಕಾಗಿತ್ತು. ಸ್ಕೂಲಿನ ಬೀರುವಿನಲ್ಲಿ ಸರ್ಕಾರ ಕಳಿಸಿದ ಕೆಲವು ಪುಸ್ತಕಗಳೇನೋ ಇದ್ದವು. ಕಳೆದರೆ ಯಾರು ಜವಾಬ್ದಾರರು ಅಂತ ಹಿಂದಿನ ಮೇಷ್ಟ್ರುಗಳು ಅದರ ಬೀಗವನ್ನೇ ತೆಗೆದಿರಲಿಲ್ಲ. ಇವರು ಬಂದ ವಾರವೇ ಬೀಗ ತೆಗೆದು ಒಂದು ಕಾದಂಬರಿ ಎತ್ತಿಕೊಂಡರು. ಕುದುರೆ ವ್ಯಾಪಾರಿಯ ಮಗಳನ್ನು ಘಾಟಿಯ ಕಳ್ಳರು ಹೊತ್ತೊಯ್ದ ಕಥೆ. ನಮ್ಮೆದುರಿಗೇ ಅದರ ರಟ್ಟು ಕಿತ್ತು, ಹೊಲಿಗೆ ಕೊಯ್ದು, ಭಾಗ ಮಾಡಿ, ಒಂದೊಂದು ಭಾಗವನ್ನೂ ಬೇರೆ ಬೇರೆಯಾಗಿ ದಬ್ಬಳದಿಂದ ಹೊಲಿದರು. ಅದಕ್ಕೆ ‘ಕಟ್ಟು’ ಅಂತ ಹೆಸರಿಟ್ಟರು.

“ಪುಸ್ತಕ ಒಂದು, ನೀವು ಇಷ್ಟು ಜನ. ಒಬ್ಬೊಬ್ಬನಿಗೇ ಕೊಡ್ತಾ ಹೋದ್ರೆ ಕೊನೆಯವನಿಗೆ ಮೀಸೆ ಬಂದಿರುತ್ತೆ ಕಣ್ರೋ,” ಅಂದರು.

ಮೊದಲ ಕಟ್ಟು ಓದಿದವನು ಅದನ್ನು ತನ್ನ ಹಿಂದಿನವನಿಗೆ ದಾಟಿಸಿ, ಮುಂದಿನವನ ಮನೆಗೆ ಹೋಗಿ ಎರಡನೆಯದನ್ನು ಈಸಿಕೊಳ್ಳಬೇಕು. ಅವನ ಮನೆ ಯಾವ ಹಳ್ಳಿಯಲ್ಲಿದ್ದರೂ ನಡೆಯಬೇಕು. “ಓದೋನಿಗೆ ಕಣ್ಣಿದ್ರೆ ಸಾಲ್ದು, ಕಾಲೂ ಇರ್ಬೇಕು” ಅನ್ನುವುದು ಅವರ ಮಾತು. ಕೊನೆಯ ಕಟ್ಟನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಅದು ಅವರ ಕೋಟಿನ ಜೇಬಿನಲ್ಲೇ ಇತ್ತು. ಎಲ್ಲರೂ ಅಲ್ಲಿಯವರೆಗೆ ಬಂದ ಮೇಲೆಯೇ ಅದು ಹೊರಗೆ ಬರುವುದಂತೆ.

ಈ ಏರ್ಪಾಡು ನಮಗೆ ಹುಚ್ಚು ಹಿಡಿಸಿತು. ಕಳ್ಳರ ನಾಯಕ ಕತ್ತಿ ಎತ್ತಿದ ಅನ್ನುವಲ್ಲಿಗೆ ಸರಿಯಾಗಿ ಕಟ್ಟು ಮುಗಿಯುತ್ತಿತ್ತು. ಮುಂದಿನ ಕಟ್ಟು ಇಟ್ಟುಕೊಂಡವನು ನಿಧಾನಸ್ಥ, ಒಂದೊಂದು ಸಾಲಿಗೂ ಬೆರಳಿಟ್ಟು ಓದುವವನು. ಅವನ ಮನೆಯ ಜಗಲಿಯ ಮೇಲೆ ಕೂತು ಅವನ ಬೆರಳನ್ನೇ ನೋಡುತ್ತ ನಾನು ಹಲ್ಲು ಕಡಿದದ್ದುಂಟು. ಊಟ ಸೇರುತ್ತಿರಲಿಲ್ಲ, ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ.

ಅಷ್ಟರಲ್ಲಿ ಪ್ಲೇಗು ಬಂತು. ಇಲಿ ಸತ್ತು ಬಿದ್ದ ಸುದ್ದಿ ಹಬ್ಬುತ್ತಲೇ ಜನ ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಸ್ಕೂಲು ಮುಚ್ಚಿತು. ಒಂದು ಗುಡಿಸಲಿನವರು ಇನ್ನೊಂದಕ್ಕೆ ಹೋಗುವ ಹಾಗಿಲ್ಲ. ಮೇಷ್ಟ್ರು ಸುಮ್ಮನಿರಬೇಕಲ್ಲ. ದಿನವೂ ಬದುವಿನ ಮೇಲೆ ದೂರ ನಿಂತು, “ಮುಗೀತೇನೋ?” ಅಂತ ಕೂಗುವರು. ಮುಗಿಸಿದವನು ಕಟ್ಟನ್ನು ಬಂಡೆಯ ಮೇಲೆ ಬಿಡಿಸಿಟ್ಟು ದೂರ ಸರಿಯಬೇಕು. ಇಡೀ ಹಗಲು ಅದಕ್ಕೆ ಬಿಸಿಲು ಕಾಣಿಸಿ, ಸಂಜೆ ಎತ್ತಿಕೊಂಡು ಮುಂದಿನ ಗುಡಿಸಲಿನ ಬಂಡೆಗೆ ಒಯ್ಯುತ್ತಿದ್ದರು.

“ಸಾವುನೋವಿನ ಹೊತ್ನಲ್ಲಿ ಇದೇನು ಕಥೆ ಪುರಾಣ? ಆ ಪುಣ್ಯಾತ್ಮನಿಗೆ ಬೇರೆ ಕೆಲ್ಸ ಇಲ್ವೇನೋ?” ಅಂತ ಅಮ್ಮ ಗೊಣಗುವಳು. ಗೊಣಗುತ್ತಲೇ ಆ ಬಂಡೆಯ ಪಕ್ಕದಲ್ಲಿ ಅವರಿಗೊಂದು ಚೊಂಬು ಮಜ್ಜಿಗೆ ಇಟ್ಟು ಬರುವಳು.

ಒಂದು ಗುಡಿಸಲಿನಲ್ಲಿ ನನ್ನ ಸಹಪಾಠಿಯ ಅಜ್ಜಿಗೆ ಜ್ವರ ಬಂತು. ಪ್ಲೇಗಿನ ಸಿಬ್ಬಂದಿ ಬಂದು ಹಾಸಿಗೆ ಹೊದಿಕೆ ಎಲ್ಲ ಸುಟ್ಟರು. ಕಂಬಳಿಯ ಮಡಿಕೆಯಲ್ಲಿದ್ದ ಕಟ್ಟೂ ಅದರ ಜೊತೆ ಹೋಯಿತು. ಅಜ್ಜಿ ಉಳಿದುಕೊಂಡಳು, ಕಟ್ಟು ಉಳಿಯಲಿಲ್ಲ.

ಸ್ಕೂಲು ಮತ್ತೆ ತೆರೆದಾಗ ಸುಟ್ಟುಹೋದ ಭಾಗವನ್ನು ನಾವು ಕೆಲವರು ಓದಿದ್ದೆವು, ಉಳಿದವರು ಓದಿರಲಿಲ್ಲ. ಅವರು ಓದುವ ತನಕ ಕೊನೆಯ ಕಟ್ಟು ಹೊರಗೆ ಬರದು. ಬಾಯಲ್ಲಾದರೂ ಹೇಳಿಬಿಡಿ ಅಂತ ಮೇಷ್ಟ್ರಿಗೆ ದುಂಬಾಲು ಬಿದ್ದೆವು.

“ನಾನು ಹೇಳೋದಿಲ್ಲ. ಓದಿದೋರು ಇದೀರಲ್ಲ, ಬರೀರಿ. ಮಿಕ್ಕೋರು ಅದನ್ನೇ ಓದ್ಲಿ,” ಅಂದರು.

ಬರೆಯಲು ಕೂತಾಗ ಗೊತ್ತಾಯಿತು, ಒಂದೇ ಕಥೆಯನ್ನು ಒಬ್ಬೊಬ್ಬರೂ ಒಂದೊಂದು ಥರ ಓದಿದ್ದೆವು. ಕುದುರೆ ಬಿಳಿದೋ ಕಂದೋ ಅನ್ನುವುದಕ್ಕೇ ಹೊಡೆದಾಟವಾಯಿತು. ನೆನಪಿಗೆ ಬಾರದ ಕಡೆ ನಮಗೆ ಗೊತ್ತಿದ್ದದ್ದನ್ನೇ ತುಂಬಿದೆವು. ಹಾಗಾಗಿ ಘಾಟಿಯ ಕಳ್ಳರು ತರೀಕೆರೆ ದಾರಿಯ ಮಾವಿನ ತೋಪಿನಲ್ಲಿ ಇಳಿದುಕೊಂಡು, ರಾಗಿಮುದ್ದೆ ಹುರುಳಿ ಸಾರು ಉಂಡರು. ಮೇಷ್ಟ್ರು ಅದನ್ನು ಓಡಾಡುತ್ತಲೇ ಓದಿದರು. ಒಂದು ಅಕ್ಷರವನ್ನೂ ತಿದ್ದದೆ ಹೊಲಿದು ಹುಡುಗರಿಗೆ ಕೊಟ್ಟರು. ಶನಿವಾರ ಕೊನೆಯ ಕಟ್ಟು ಅಂತ ಮಾತೂ ಕೊಟ್ಟರು.

ಶನಿವಾರಕ್ಕೆ ಮುಂಚೆ ಸ್ಕೂಲುಗಳ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಅವರು ಬರುವ ಸುದ್ದಿ ಸಿಕ್ಕಿದ್ದು ಅದೇ ಬೆಳಗ್ಗೆ. ಮೇಷ್ಟ್ರು ಎಲ್ಲ ಕಟ್ಟುಗಳನ್ನೂ, ಜೇಬಿನದನ್ನೂ ಸೇರಿಸಿ ಗಡಿಬಿಡಿಯಲ್ಲಿ ಹೊಲಿದು ಬೀರುವಿಗೆ ಸೇರಿಸಿದರು. ಸಾಹೇಬರ ಕೈ ನೇರ ಅದಕ್ಕೇ ಹೋಯಿತು.

“ಏನ್ರೀ ಇದು, ಸರ್ಕಾರದ ಪುಸ್ತಕಾನ ಗೋಣಿಚೀಲ ಹೊಲ್ದ ಹಾಗೆ ಹೊಲ್ದಿದ್ದೀರಿ?”

“ಪುಸ್ತಕ ಒಂದೇ ಇತ್ತು ಸ್ವಾಮಿ, ಓದೋರು ಜಾಸ್ತಿ ಇದ್ರು. ಅದಕ್ಕೆ ಕೊಯ್ದೆ.”

ಸಾಹೇಬರು ಹಾಳೆ ತಿರುವುತ್ತ ನಮ್ಮ ಕೈಬರಹಕ್ಕೆ ಬಂದರು. ನಿಂತೇ ಓದಿದರು, ಆಮೇಲೆ ಪೇಟದ ಪಕ್ಕದಲ್ಲಿ ಕುರ್ಚಿಯ ತುದಿಗೆ ಕೂತು ಓದಿದರು. ಒಂದು ಕಡೆ ಅವರ ಮೀಸೆ ಅಲುಗಿದ್ದು ನಮಗೆಲ್ಲ ಕಂಡಿತು. “ಈ ಕಳ್ಳರು ಯಾವಾಗ್ರೀ ತರೀಕೆರೆಗೆ ಬಂದ್ರು?” ಅಂದರು. ನಮಗೆ ನಗು, ಜೊತೆಗೆ ಬದುಕಿದೆವು ಅನ್ನುವ ಧೈರ್ಯ. ಆದರೆ ಮೀಸೆ ಬೇರೆ, ಕಾನೂನು ಬೇರೆ. ಪುಸ್ತಕವನ್ನು ಪುರಾವೆಗೆಂದು ತಮ್ಮ ಪೆಟ್ಟಿಗೆಗೆ ಹಾಕಿಕೊಂಡು ರೈಲು ಹತ್ತಿದರು. ಸ್ವಲ್ಪ ದಿನಕ್ಕೆ ಮೇಷ್ಟ್ರಿಗೆ ಯಗಟಿಯ ಪ್ರೈಮರಿ ಶಾಲೆಗೆ ವರ್ಗವಾಯಿತು. ಅವರು ಹೋದರು, ಕಥೆಯ ಕೊನೆಯೂ ಹೋಯಿತು.

ನಾನು ತಡೆಯಲಾರದೆ, ಪರೀಕ್ಷೆ ಮುಗಿದದ್ದೇ, ಕಡೂರಿನ ತನಕ ರೈಲಿನಲ್ಲಿ ಹೋಗಿ ಅಲ್ಲಿಂದ ಒಂದು ಗಾಡಿಯ ಹಿಂದೆ ನಡೆದು ಯಗಟಿ ಸೇರಿದೆ. ಮೇಷ್ಟ್ರು ಶಾಲೆಯ ಜಗಲಿ ಏರಿದ ಕುರಿಗಳನ್ನು ಅಟ್ಟುತ್ತಿದ್ದರು. ಕಾಲಿಗೆ ಬಿದ್ದು ಎದ್ದವನೇ ಕೇಳಿದೆ.

“ಕೊನೇಲಿ ಏನಾಯ್ತು ಮೇಷ್ಟ್ರೇ? ಆ ಹುಡುಗಿ ತಪ್ಪಿಸ್ಕೊಂಡ್ಳಾ?”

“ಅದನ್ನ ಕೇಳಕ್ಕೆ ಇಷ್ಟು ದೂರ ಬಂದ್ಯೇನೋ?”

“ನಿದ್ದೆ ಬರೋದಿಲ್ಲ ಮೇಷ್ಟ್ರೇ.”

“ನಾನು ಹೇಳ್ಬಿಟ್ರೆ ಬಂದ್ಬಿಡುತ್ತೆ. ಹೇಳೋದಿಲ್ಲ ಹೋಗು. ಆ ಪುಸ್ತಕ ಇನ್ನೆಲ್ಲಾದ್ರೂ ಇರುತ್ತೆ, ಹುಡುಕ್ಕೋ.”

ನನಗೆ ಅಳುವೇ ಬಂತು. ಪ್ರೈಮರಿ ಶಾಲೆಗೆ ತಳ್ಳಿಸಿಕೊಂಡರೂ ಈ ಮನುಷ್ಯನ ಹಟ ಇಳಿದಿರಲಿಲ್ಲ. ಅವರು ಅನ್ನ ಹಾಕಿಸಿದರು, ಹೊದೆಯಲು ಕಂಬಳಿ ಕೊಟ್ಟರು, ಕಥೆ ಮಾತ್ರ ಕೊಡಲಿಲ್ಲ.

ಹುಡುಕಿದೆ. ಮುಂದೆ ಓದಲು ಮೈಸೂರಿಗೆ ಹೋದಾಗ ಮೊದಲು ಕೇಳಿದ್ದು ಆ ಪುಸ್ತಕವನ್ನೇ. ವಾಚನಾಲಯದವರು ಅದಿಲ್ಲ, ಇದಿದೆ ಅಂತ ಬೇರೊಂದು ಪುಸ್ತಕ ಕೊಟ್ಟರು. ಸಿಟ್ಟಿನಲ್ಲೇ ಇದನ್ನು ಓದಿದೆ. ಪರಿಚಯದವರ ಮನೆಯಲ್ಲಿ ಕಪಾಟು ಕಂಡರೆ ಮಾತಾಡಿಸುವುದಕ್ಕೆ ಮುಂಚೆ ಕಪಾಟಿಗೆ ನುಗ್ಗುತ್ತಿದ್ದೆ. ಅದು ಸಿಗುತ್ತಿರಲಿಲ್ಲ, ಬೇರೆ ಯಾವುದೋ ಕೈಗೆ ಬಂದು ರಾತ್ರಿಯೆಲ್ಲ ಕೂರಿಸುತ್ತಿತ್ತು. ಹೀಗೆ ವರ್ಷಗಳು ಕಳೆದವು. ಗುಮಾಸ್ತನಾಗಬೇಕಾದವನು ಮೇಷ್ಟ್ರಾದೆ.

ಕೊನೆಗೆ ಅದು ಸಿಕ್ಕಿದ್ದು ಮೈಸೂರಿನ ಮಾರುಕಟ್ಟೆಯ ಹತ್ತಿರ, ಹಳೇ ಪುಸ್ತಕದ ರಾಶಿಯಲ್ಲಿ. ಕೊನೆಯ ಭಾಗ ತೆಗೆದು ಬೀದಿಯಲ್ಲಿ ನಿಂತೇ ಓದಿದೆ. ಹುಡುಗಿಯ ಅಪ್ಪ ಕುದುರೆ ಏರಿ ಬರುತ್ತಾನೆ. ಕಳ್ಳರು ಅವನ ಕಾಲಿಗೆ ಬಿದ್ದು ಬುದ್ಧಿ ಕಲಿಯುತ್ತಾರೆ. ಹುಡುಗಿಗೆ ಸೋದರಮಾವನ ಮಗನ ಜೊತೆ ಮದುವೆಯಾಗುತ್ತದೆ. ಅಷ್ಟೇ. ನಾವು ಹುಡುಗರು ಬರೆದ ಮುದ್ದೆ ಸಾರಿನ ಭಾಗವೇ ಇದಕ್ಕಿಂತ ವಾಸಿಯಾಗಿತ್ತು. ಮೈಯೆಲ್ಲ ಉರಿಯಿತು. ಮೇಷ್ಟ್ರಿಗೆ ಇದು ಮೊದಲೇ ಗೊತ್ತಿತ್ತು. ಈ ಸಪ್ಪೆ ಮುಕ್ತಾಯವನ್ನು ಜೇಬಿನಲ್ಲಿಟ್ಟುಕೊಂಡು ನಮ್ಮನ್ನೆಲ್ಲ ಊರೂರು ಅಲೆಸಿದ್ದರು, ನನ್ನನ್ನು ಇಷ್ಟು ವರ್ಷ ಓದಿಸಿದ್ದರು.

ಜಗಳವಾಡಲೇಬೇಕು ಅಂತ ರಜ ಹಾಕಿ ಯಗಟಿಗೆ ಹೋದೆ. ಜಗಲಿಯ ಮೇಲೆ ಹೊಸ ಮೇಷ್ಟ್ರು ಕುರ್ಚಿಯಲ್ಲಿ ಕೂತು ಪಾಠ ಮಾಡುತ್ತಿದ್ದರು. ನಮ್ಮ ಮೇಷ್ಟ್ರು ಹಿಂದಿನ ಮಳೆಗಾಲದಲ್ಲಿ ಜ್ವರ ಬಂದು ತೀರಿಕೊಂಡರಂತೆ. ಪುಸ್ತಕ ನನ್ನ ಕಂಕುಳಲ್ಲಿತ್ತು. ನಾನು ಅದರ ಕೊನೆ ಓದಿದೆ ಅಂತ ಹೇಳಲು ಇನ್ನು ಯಾರೂ ಇರಲಿಲ್ಲ.